ಮೊದಲೇ ಯೋಚಿಸಿ ಹೊರಡಬೇಕಾ, ಸುಮ್ನೆ ಹೊರಟುಬಿಡಬೇಕಾ? ಕಾಸರಗೋಡಿನ ಮನೆಗಳಿಗೊಂದು ಪ್ರವಾಸ ಮಾರ್ಗದರ್ಶಿ

ಕಾಸರಗೋಡಿನಲ್ಲಿ ಇರುವವರಿಗೆ ಸುಮ್ನೆ ಹೊರಟುಬಿಡುವುದು ಸುಲಭ. ಬೆಳಗ್ಗೆ ಕಾಫಿ ಕುಡಿಯುವಾಗ ಮನಸ್ಸಾದರೆ ಹತ್ತು ಗಂಟೆಯೊಳಗೆ ಬೇಕಲ ಕೋಟೆಯ ಬುರುಜಿನ ಮೇಲೆ ಇರಬಹುದು. ಮಂಗಳೂರು ಸುಮಾರು 50 ಕಿಲೋಮೀಟರ್. ಜಾಲ್ಸೂರು, ಸುಳ್ಯ ದಾಟಿ ಘಾಟಿ ಹತ್ತಿದರೆ ಮಡಿಕೇರಿಯಲ್ಲಿ ಮಧ್ಯಾಹ್ನದ ಊಟ. ಸಮುದ್ರ, ಗುಡ್ಡ, ಕೋಟೆ, ದೇವಸ್ಥಾನ ಎಲ್ಲವೂ ಕೈಗೆಟುಕುವ ದೂರದಲ್ಲೇ ಇವೆ.

ಆದರೆ ಇದೇ ಕಾಸರಗೋಡು ಕೇರಳದ ತುತ್ತತುದಿಯೂ ಹೌದು. ತಿರುವನಂತಪುರಕ್ಕೆ ವಂದೇ ಭಾರತ್‌ನಲ್ಲಿ ಕೂತರೂ ಎಂಟು ಗಂಟೆ ಬೇಕು. ಬೆಂಗಳೂರಿಗೆ ಒಂದು ಇಡೀ ರಾತ್ರಿ. ಅಲ್ಲಿಗೆಲ್ಲ ಹೊರಟ ಮೇಲೆ ಯೋಚನೆ ಮಾಡಿದರೆ ಬಾಗಿಲ ಹತ್ತಿರ ಬ್ಯಾಗಿನ ಮೇಲೆ ಕೂತು ಪ್ರಯಾಣ ಮಾಡಬೇಕಾಗುತ್ತದೆ.

ಹಾಗಾಗಿ ಮೊದಲೇ ಪ್ಲಾನ್ ಮಾಡುವುದು ಒಳ್ಳೆಯದಾ, ಮನಸ್ಸಾದಾಗ ಹೊರಡುವುದು ಒಳ್ಳೆಯದಾ ಎಂಬ ಪ್ರಶ್ನೆಗೆ ನಮ್ಮ ಕಡೆ ಒಂದೇ ಉತ್ತರ ಇಲ್ಲ. ಮನೆಗಳಲ್ಲಿ ಇದನ್ನು ಸ್ವಭಾವದ ಪ್ರಶ್ನೆ ಮಾಡಿ ಜಗಳ ಆಡುತ್ತಾರೆ. 'ನಿಮಗೆ ಎಲ್ಲದಕ್ಕೂ ಅವಸರ', 'ನಿನಗೆ ಮಧೂರಿಗೆ ಹೋಗಿ ಬರುವುದಕ್ಕೂ ಲಿಸ್ಟು ಬೇಕು' ಎಂದು ಮಾತು ಬೆಳೆಯುತ್ತದೆ. ನನ್ನ ಪ್ರಕಾರ ಸ್ವಭಾವಕ್ಕೂ ಇದಕ್ಕೂ ದೊಡ್ಡ ಸಂಬಂಧ ಇಲ್ಲ. ಹೋಗುವ ಜಾಗದ ಬಗ್ಗೆ ಎರಡೇ ಪ್ರಶ್ನೆ ಕೇಳಿಕೊಂಡರೆ ಸಾಕು. ಅಲ್ಲಿ ಏನು ತುಂಬಿಹೋಗುತ್ತದೆ? ಅಲ್ಲಿ ಏನು ಮುಚ್ಚಿರುತ್ತದೆ? ಈ ಎರಡಕ್ಕೆ ಉತ್ತರ ಮೊದಲೇ ಗೊತ್ತಿರಬೇಕು. ಉಳಿದದ್ದನ್ನು ದಾರಿಯಲ್ಲಿ ನೋಡಿಕೊಳ್ಳಬಹುದು.

ಮೊದಲ ಹೆಜ್ಜೆ: ರಾತ್ರಿ ಮನೆಗೆ ವಾಪಸ್ ಬರುತ್ತೀರಾ?

ದೂರ ಲೆಕ್ಕ ಹಾಕುವ ಮೊದಲು ಇದನ್ನು ಕೇಳಿಕೊಳ್ಳಿ. ರಾತ್ರಿ ನಮ್ಮ ಹಾಸಿಗೆಯಲ್ಲೇ ಮಲಗುತ್ತೇವೆ ಅಂತಾದರೆ ಪ್ಲಾನ್ ಬೇಕಾಗಿಲ್ಲ. ನೂರು ಕಿಲೋಮೀಟರ್ ಒಳಗಿನ ಹೆಚ್ಚಿನ ಪ್ರವಾಸಗಳು ಹೀಗೇ. ಏನಾದರೂ ಕೈಕೊಟ್ಟರೆ ತಿರುಗಿ ಬಂದರಾಯಿತು, ಒಂದು ದಿನ ಹೋಯಿತು ಅಷ್ಟೇ.

ಎರಡು ಸಂದರ್ಭದಲ್ಲಿ ಮಾತ್ರ ಹತ್ತಿರದ ಪ್ರವಾಸಕ್ಕೂ ತಯಾರಿ ಬೇಕು. ಒಂದು, ಮನೆಯ ಹಿರಿಯರು ಜೊತೆಗೆ ಬರುವಾಗ. ಮಾತ್ರೆ, ಊಟದ ಹೊತ್ತು, ಶೌಚಾಲಯ, ಮೆಟ್ಟಿಲು ಎಷ್ಟಿವೆ ಎಂಬುದು ಮೊದಲೇ ಗೊತ್ತಿರಬೇಕು. ಇನ್ನೊಂದು, ಹತ್ತು ಹನ್ನೆರಡು ಜನ ಸೇರಿ ಟೆಂಪೋ ಟ್ರಾವೆಲರ್ ಮಾಡುವಾಗ. ಗಡಿ ದಾಟುವುದಾದರೆ ಹಳದಿ ಬೋರ್ಡಿನ ಗಾಡಿಗೆ ಪಕ್ಕದ ರಾಜ್ಯದ ತೆರಿಗೆ, ಪರ್ಮಿಟ್ ಸರಿ ಇದೆಯಾ ಎಂದು ಗಾಡಿಯವರನ್ನು ಹಿಂದಿನ ದಿನವೇ ಕೇಳಿ. 'ಅದೆಲ್ಲ ಆಗ್ತದೆ, ನೀವು ತಲೆಬಿಸಿ ಮಾಡ್ಬೇಡಿ' ಎಂಬುದು ಉತ್ತರ ಅಲ್ಲ. 'ಉಂಟು' ಅಥವಾ 'ಇಲ್ಲ' ಎಂದು ಹೇಳಿಸಿಕೊಳ್ಳಿ. ಇಲ್ಲದಿದ್ದರೆ ಚೆಕ್‌ಪೋಸ್ಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಾಯಬೇಕಾಗುತ್ತದೆ.

ಎರಡನೇ ಹೆಜ್ಜೆ: ತುಂಬಿಹೋಗುವುದನ್ನು ಮೊದಲು ಹಿಡಿಯಿರಿ

ಮೊದಲಿನದು ರೈಲು. ರಿಸರ್ವೇಶನ್ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ಅಕ್ಟೋಬರ್ 31ರ ತನಕ ಇದು 120 ದಿನ ಇತ್ತು. ಹಳೆಯ ಲೆಕ್ಕದಲ್ಲೇ ಇರುವವರು ಇನ್ನೂ ಇದ್ದಾರೆ. ಆಗಸ್ಟ್ 30ರ ರೈಲಿಗೆ ಜುಲೈ 1ರ ಬೆಳಗ್ಗೆ 8 ಗಂಟೆಗೆ ಬುಕಿಂಗ್ ಶುರು. ಈ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮಲಬಾರ್, ಮಾವೇಲಿಯಂಥ ರಾತ್ರಿ ರೈಲುಗಳಿಗೆ ಓಣಂ, ಕ್ರಿಸ್ಮಸ್ ಹೊತ್ತಿಗೆ ಅದೇ ದಿನ ಟಿಕೇಟ್ ಮಾಡಿದರೆ ಒಳ್ಳೆಯದು. ಮಂಗಳೂರು ದಾರಿಯಾಗಿ ಹೋಗುವ ಕಣ್ಣೂರು–ಬೆಂಗಳೂರು ರೈಲಿನದ್ದೂ ಇದೇ ಕಥೆ. ಭಾನುವಾರ ರಾತ್ರಿ ಬೆಂಗಳೂರಿಗೆ ಹೋಗುವವರು ನಮ್ಮ ಕಡೆಯ ಪ್ರತಿ ಎರಡನೇ ಮನೆಯಲ್ಲಿದ್ದಾರೆ, ಅಲ್ವಾ?

ಕಾಸರಗೋಡು ನಡುವಿನ ನಿಲ್ದಾಣ. ಇಲ್ಲಿಂದ ಟಿಕೇಟ್ ನೋಡಿದಾಗ ವೇಟಿಂಗ್ ಲಿಸ್ಟ್ ತೋರಿಸಿದರೆ, ಅದೇ ರೈಲಿಗೆ ಮಂಗಳೂರು ಸೆಂಟ್ರಲ್‌ನಿಂದ ಸೀಟು ಇದೆಯಾ ಎಂದು ಒಮ್ಮೆ ನೋಡಿ. ರೈಲು ಹೊರಡುವ ನಿಲ್ದಾಣದ ಕೋಟಾ ಬೇರೆ ಇರುತ್ತದೆ, ಕೆಲವು ಸಲ ಅಲ್ಲಿ ಸೀಟು ಉಳಿದಿರುತ್ತದೆ. ಸಿಕ್ಕಿದರೆ ಮಂಗಳೂರಿನಿಂದ ಟಿಕೇಟ್ ತೆಗೆದು, ಬೋರ್ಡಿಂಗ್ ಪಾಯಿಂಟ್ ಕಾಸರಗೋಡು ಅಂತ ಹಾಕಿ. ನಾಲ್ಕು ಕಾಸು ಜಾಸ್ತಿ ಆದರೂ ರಾತ್ರಿ ನಿದ್ದೆ ಸಿಗುತ್ತದೆ. ಬೋರ್ಡಿಂಗ್ ಪಾಯಿಂಟ್ ಹಾಕಲು ಮಾತ್ರ ಮರೆಯಬೇಡಿ. ಮಂಗಳೂರಿನಲ್ಲಿ ನೀವು ಹತ್ತದಿದ್ದರೆ ಟಿಟಿಇ ಆ ಬರ್ತನ್ನು ಬೇರೆಯವರಿಗೆ ಕೊಟ್ಟುಬಿಡಬಹುದು.

ವೇಟಿಂಗ್ ಟಿಕೇಟ್ ಇಟ್ಟುಕೊಂಡು ಸ್ಲೀಪರಿಗೆ ಹತ್ತುವ ಅಭ್ಯಾಸ ಇದ್ದರೆ ಬಿಡಿ. 2025ರ ಮೇ ತಿಂಗಳಿಂದ ಅದನ್ನು ಬಿಗಿ ಮಾಡಿದ್ದಾರೆ. ಆನ್‌ಲೈನ್‌ನಲ್ಲಿ ತೆಗೆದ ವೇಟಿಂಗ್ ಟಿಕೇಟ್ ಚಾರ್ಟ್ (ಸೀಟು ಹಂಚಿಕೆಯ ಕೊನೆಯ ಪಟ್ಟಿ) ಆಗುವಾಗ ಖಾತ್ರಿ ಆಗದಿದ್ದರೆ ತಾನಾಗಿ ರದ್ದಾಗುತ್ತದೆ, ದುಡ್ಡು ವಾಪಸ್ ಬರುತ್ತದೆ.

ಇನ್ನು ತತ್ಕಾಲ್. ಸುಮ್ನೆ ಹೊರಡುವವರ ದೊಡ್ಡ ಆಸರೆ ಇದು, ಆದರೆ ಇದಕ್ಕೇ ಎಲ್ಲಕ್ಕಿಂತ ಜಾಸ್ತಿ ತಯಾರಿ ಬೇಕು. ರೈಲು ತನ್ನ ಮೊದಲ ನಿಲ್ದಾಣದಿಂದ ಹೊರಡುವ ಹಿಂದಿನ ದಿನ ಬೆಳಗ್ಗೆ 10ಕ್ಕೆ ಎಸಿ, 11ಕ್ಕೆ ಸ್ಲೀಪರ್ ತೆರೆಯುತ್ತದೆ. 2025ರ ಜುಲೈಯಿಂದ ರೈಲು ಟಿಕೇಟಿನ ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸಿದ್ದರೆ ಮಾತ್ರ ಆನ್‌ಲೈನ್ ತತ್ಕಾಲ್ ಸಿಗುತ್ತದೆ. ಹಾಗಾಗಿ ಆ ಜೋಡಣೆ ಇವತ್ತೇ ಆಗಿರಲಿ, ಹೊರಡುವ ದಿನ ಅಲ್ಲ. ಹೋಗುವವರ ಹೆಸರು, ವಯಸ್ಸು ಮೊದಲೇ ಮಾಸ್ಟರ್ ಲಿಸ್ಟಿನಲ್ಲಿ ಸೇರಿಸಿಡಿ. ಸ್ಲೀಪರಿಗಾದರೆ 10.55ಕ್ಕೆ ಲಾಗಿನ್ ಆಗಿ. ಮನೆಯ ಯಾವ ಮೂಲೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುತ್ತದೆ ಎಂದು ನಿಮಗೇ ಗೊತ್ತು, ಅಲ್ಲೇ ಕೂತುಕೊಳ್ಳಿ. ಒಟಿಪಿ ಬರುವ ಫೋನ್ ಪಕ್ಕದಲ್ಲೇ ಇರಲಿ. ಅದು ಮಗನ ನಂಬರಿಗೆ ಹೋಗಿ, ಮಗ ಕಾಲೇಜಿನಲ್ಲಿ ಕೂತಿದ್ದರೆ ಕೆಲಸ ಕೆಟ್ಟಿತು. ಬರ್ತ್ ಆಯ್ಕೆಯಲ್ಲಿ 'ಲೋವರ್ ಸಿಕ್ಕಿದರೆ ಮಾತ್ರ' ಎಂದು ಹಟ ಹಿಡಿಯಬೇಡಿ. ದುಡ್ಡು ಕಟ್ಟಲು ಕಾರ್ಡಿಗಿಂತ ಯುಪಿಐ ಬೇಗ. 11.03ಕ್ಕೆ ಒಂದೋ ಟಿಕೇಟ್ ಇರುತ್ತದೆ, ಒಂದೋ ಬಸ್ಸಿನ ಆ್ಯಪ್ ತೆರೆದಿರುತ್ತೀರಿ. ಖಾತ್ರಿಯಾದ ತತ್ಕಾಲ್ ಟಿಕೇಟನ್ನು ನೀವು ರದ್ದು ಮಾಡಿದರೆ ದುಡ್ಡು ವಾಪಸ್ ಬರುವುದಿಲ್ಲ. ಮನಸ್ಸು ಗಟ್ಟಿ ಆಗದೆ ಇದಕ್ಕೆ ಕೈ ಹಾಕಬೇಡಿ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ದಾರಿ ಕರೆಂಟ್ ಬುಕಿಂಗ್. ಚಾರ್ಟ್ ಆದ ಮೇಲೆ ಖಾಲಿ ಉಳಿದ ಸೀಟುಗಳು ರೈಲು ಹೊರಡುವ ಸ್ವಲ್ಪ ಮೊದಲಿನ ತನಕ ಸಿಗುತ್ತವೆ. ವಾರದ ನಡುವೆ, ಹಬ್ಬ ಇಲ್ಲದ ದಿನ, ಹಗಲಿನ ರೈಲಿಗೆ ನೋಡಿ. ವಂದೇ ಭಾರತ್‌ನಲ್ಲೂ ಕೆಲವು ಸಲ ಸಿಗುತ್ತದೆ.

ಕಣ್ಣೂರು, ಕೋಝಿಕ್ಕೋಡ್ ತನಕ ಹೋಗುವುದಕ್ಕೆ ಇದ್ಯಾವುದೂ ಬೇಡ. 199 ಕಿಲೋಮೀಟರ್ ತನಕದ ಜನರಲ್ ಟಿಕೇಟನ್ನು ಅವತ್ತೇ ತೆಗೆಯಬೇಕು, ತೆಗೆದ ಮೇಲೆ 3 ಗಂಟೆಯೊಳಗೆ ಹೊರಡಬೇಕು. ಫೋನಿನಲ್ಲಿ ರೈಲ್‌ವನ್ ಆ್ಯಪ್ ಇದ್ದರೆ ಕೌಂಟರಿನ ಸಾಲೂ ಇಲ್ಲ. ಈ ದೂರಕ್ಕೆ ರೈಲ್ವೆಯೇ ನಿಮ್ಮನ್ನು ಸುಮ್ನೆ ಹೊರಡಿ ಎನ್ನುತ್ತಿದೆ.

ರೈಲು ಬಿಟ್ಟರೆ ತುಂಬುವುದು ದೇವಸ್ಥಾನದ ಸೇವೆಗಳು ಮತ್ತು ಕಾಡಿನ ಗೇಟುಗಳು. ಕುಕ್ಕೆ ಸುಬ್ರಹ್ಮಣ್ಯಕ್ಕೆ ದರ್ಶನಕ್ಕೆ ಯಾವಾಗ ಬೇಕಾದರೂ ಹೋಗಬಹುದು. ಸರ್ಪ ಸಂಸ್ಕಾರಕ್ಕೆ ಹಾಗಲ್ಲ, ಮೊದಲೇ ಬುಕ್ ಆಗಿರಬೇಕು, ದಿನಾಂಕ ತಿಂಗಳುಗಟ್ಟಲೆ ಮುಂದೆ ಸಿಗುವುದೂ ಉಂಟು. ಶಬರಿಮಲೆಗೆ ಮಂಡಲ ಕಾಲದಲ್ಲಿ ವರ್ಚುವಲ್ ಕ್ಯೂ ಮಾಡಿಕೊಳ್ಳಿ. ಮಾಲೆ ಹಾಕುವ ದಿನವೇ ಗುರುಸ್ವಾಮಿಗಳ ಹತ್ತಿರ ಕೂತು ದಿನಾಂಕ ಗೊತ್ತು ಮಾಡಿದರೆ ಒಳ್ಳೆಯದು. ಕೊಲ್ಲೂರಿಗೆ ನವರಾತ್ರಿಯಲ್ಲಿ ಕೇರಳದಿಂದ ಜನ ಹರಿದುಬರುತ್ತದೆ. ಆಗ ರೂಮಿಲ್ಲದೆ ಹೋದರೆ ಕಾರಿನಲ್ಲೇ ಮಲಗಬೇಕು. ಅದೇ ಕೊಲ್ಲೂರಿಗೆ ಮಳೆಗಾಲದ ಒಂದು ಮಂಗಳವಾರ ಹೋಗಿ ನೋಡಿ, ಕೈಮುಗಿದು ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು.

ಕುಮಾರ ಪರ್ವತ, ಕುದುರೆಮುಖ ಹತ್ತುವವರಿಗೆ ಅರಣ್ಯ ಇಲಾಖೆಯ ಆನ್‌ಲೈನ್ ಟಿಕೇಟ್ ಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಊಟಿ, ಕೊಡೈಕನಾಲಿಗೆ ಸ್ವಂತ ಕಾರಿನಲ್ಲಿ ಹೋಗುವವರಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ–ಪಾಸ್ ಬೇಕು. ಮನೆಯಲ್ಲೇ ತೆಗೆದರೆ ಐದು ನಿಮಿಷದ ಕೆಲಸ. ಚೆಕ್‌ಪೋಸ್ಟಿನಲ್ಲಿ ನಿಂತು, ಹಿಂದಿನ ಗಾಡಿಯವರ ಹಾರ್ನ್ ಕೇಳುತ್ತಾ ತೆಗೆದರೆ ಅರ್ಧ ಗಂಟೆ.

ರೂಮಿನ ವಿಷಯಕ್ಕೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎಲ್ಲಾ ರಾತ್ರಿಗೂ ಮೊದಲೇ ರೂಮು ಮಾಡುವುದು ಬೇಡ. ಮೊದಲ ರಾತ್ರಿಯದ್ದು ಮಾತ್ರ ಮಾಡಿ. ಹೊಸ ಊರಿಗೆ ಕತ್ತಲಾದ ಮೇಲೆ ಇಳಿದು, ಮಕ್ಕಳನ್ನು ಕರೆದುಕೊಂಡು ರೂಮು ಹುಡುಕುವುದು ಯಾರಿಗೂ ಬೇಡ. ಎರಡನೇ ದಿನ ಊರಿನ ಪರಿಚಯ ಆಗಿರುತ್ತದೆ, ಇಷ್ಟ ಆಗದಿದ್ದರೆ ಬೇರೆ ಕಡೆ ಹೋಗಬಹುದು. ಶನಿವಾರ ಮಡಿಕೇರಿಯ ಹೋಮ್‌ಸ್ಟೇ ಮಾತ್ರ ಇದಕ್ಕೆ ಹೊರತು. ಬೆಂಗಳೂರಿನ ಗಾಡಿಗಳು ಶುಕ್ರವಾರ ರಾತ್ರಿಯೇ ಅಲ್ಲಿಗೆ ಬಂದಿರುತ್ತವೆ. ಸೋಮವಾರದಿಂದ ಗುರುವಾರದ ತನಕವಾದರೆ ಬಾಗಿಲಿಗೆ ಹೋಗಿ ರೇಟು ಕೇಳಬಹುದು, ಚೌಕಾಸಿಯೂ ಮಾಡಬಹುದು. ಹೋಗುವ ಎಲ್ಲರ ಗುರುತಿನ ಚೀಟಿ ಜೊತೆಗಿರಲಿ, ಮನೆ ಯಜಮಾನರದ್ದು ಒಂದೇ ಇದ್ದರೆ ಸಾಲದು.

ಮೂರನೇ ಹೆಜ್ಜೆ: ಮುಚ್ಚಿರುವುದನ್ನು ಕೇಳಿಕೊಳ್ಳಿ

ತುಂಬಿದ ಕಡೆ ಹೇಗಾದರೂ ನುಸುಳಬಹುದು. ಮುಚ್ಚಿದ ಬಾಗಿಲ ಮುಂದೆ ಏನು ಮಾಡುತ್ತೀರಿ?

ವಾರದ ರಜೆಯಿಂದ ಶುರು ಮಾಡೋಣ. ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ. ಮಂಗಳೂರಿನ ಪಿಲಿಕುಳಕ್ಕೆ ಸೋಮವಾರ. ತಾಜ್‌ಮಹಲ್ ಶುಕ್ರವಾರ ಮುಚ್ಚಿರುತ್ತದೆ. ಮೈಸೂರಿಗೆ ಭಾನುವಾರ ಹೋದರೆ ಸಂಜೆ ಅರಮನೆಯ ದೀಪ ನೋಡಬಹುದು, ಮರುದಿನ ಮೃಗಾಲಯ. ಸೋಮವಾರ ಹೋದವರಿಗೆ ದೀಪವೂ ಇಲ್ಲ, ಮರುದಿನ ಹುಲಿಯೂ ಇಲ್ಲ. ಒಂದೇ ದಿನದ ವ್ಯತ್ಯಾಸ. ಮುನ್ನಾರಿನ ಎರವಿಕುಳಂ ರಾಷ್ಟ್ರೀಯ ಉದ್ಯಾನವನ್ನು ವರಯಾಡುಗಳು (ಅಲ್ಲಿನ ಕಾಡು ಆಡುಗಳು) ಮರಿ ಹಾಕುವ ಕಾಲಕ್ಕೆ, ಸಾಮಾನ್ಯವಾಗಿ ಫೆಬ್ರವರಿ–ಮಾರ್ಚ್‌ನಲ್ಲಿ ಮುಚ್ಚುತ್ತಾರೆ. ಮುನ್ನಾರಿಗೆ ಆ ಹೊತ್ತಿನಲ್ಲಿ ಹೋಗುವುದಾದರೆ ಚಹಾ ತೋಟ ನೋಡಲು ಹೋಗುತ್ತಿದ್ದೇವೆ ಅಂತ ಮಕ್ಕಳಿಗೆ ಮೊದಲೇ ಹೇಳಿ.

ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಸಂಜೆ. ಇದು ನಮಗೆಲ್ಲ ಗೊತ್ತಿರುವ ವಿಷಯವೇ. ಆದರೂ ಹನ್ನೆರಡೂವರೆಗೆ ಕಾರು ಪಾರ್ಕ್ ಮಾಡಿ ಓಡುವವರನ್ನು ಮಧೂರಿನಲ್ಲಿ ಯಾವ ದಿನ ಬೇಕಾದರೂ ನೋಡಬಹುದು.

ಮಳೆಗಾಲದಲ್ಲಿ ಘಾಟಿ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಸುಳ್ಯ–ಮಡಿಕೇರಿ ರಸ್ತೆ ಕಡಿದುಹೋದದ್ದು ಯಾರಿಗೂ ಮರೆತಿರಲಿಕ್ಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಡುವ ಬೆಳಗ್ಗೆ ಹವಾಮಾನ ಇಲಾಖೆಯ ಬಣ್ಣ ನೋಡಿ. ಆರೆಂಜ್ ಅಂದರೆ 24 ಗಂಟೆಯಲ್ಲಿ 115.6ರಿಂದ 204.4 ಮಿಲಿಮೀಟರ್ ತನಕದ ಮಳೆಯ ಸೂಚನೆ, ಅದಕ್ಕಿಂತ ಮೇಲಿನದ್ದು ರೆಡ್. ನಮ್ಮ ಕಡೆಯವರು ಒಂದು ವಿಷಯ ಗಮನಿಸಬೇಕು. ಟಿವಿಯಲ್ಲಿ ಕೇರಳದ ನಕ್ಷೆ ಮಾತ್ರ ನೋಡಿ ಕಾಸರಗೋಡು ಹಳದಿ ಇದೆ, ಹೊರಡೋಣ ಎಂದರೆ ಸಾಲದು. ನೀವು ಹೋಗುತ್ತಿರುವುದು ಕೊಡಗಿಗೆ, ಅದರ ಬಣ್ಣ ಕರ್ನಾಟಕದ ನಕ್ಷೆಯಲ್ಲಿರುತ್ತದೆ. ಗಡಿ ದಾಟುವವರು ಎರಡೂ ನಕ್ಷೆ ನೋಡಬೇಕು. ಪಾಣತ್ತೂರು–ಕರಿಕೆ–ಭಾಗಮಂಡಲ ರಸ್ತೆ ಹಗಲಲ್ಲಿ ಕಣ್ಣಿಗೆ ಹಬ್ಬ. ಆದರೆ ಅದು ಅಗಲ ಕಿರಿದಾದ ಕಾಡಿನ ದಾರಿ. ಜೋರು ಮಳೆಯಲ್ಲಿ, ಕತ್ತಲಾದ ಮೇಲೆ ಆ ಕಡೆ ಹೋಗಬೇಡಿ.

ಬಂಡೀಪುರದ ಒಳಗಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಗಾಡಿ ಬಿಡುವುದಿಲ್ಲ. ಮೈಸೂರು ದಾರಿಯಾಗಿ ಊಟಿಗೋ ವಯನಾಡಿಗೋ ಹೋಗುವವರು ಸಂಜೆಯ ಕಾಫಿಗೆ ಎಲ್ಲಿ ನಿಲ್ಲಬೇಕು ಎಂಬುದನ್ನೂ ಈ ಗೇಟನ್ನು ನೆನಪಿಟ್ಟುಕೊಂಡೇ ತೀರ್ಮಾನ ಮಾಡಬೇಕು.

ಹರತಾಳವನ್ನು ಬಿಟ್ಟು ಕೇರಳದ ಪ್ರವಾಸದ ಮಾತು ಮುಗಿಯುವುದಿಲ್ಲ. ಮೊದಲು ರಾತ್ರಿ ಘೋಷಣೆ, ಬೆಳಗ್ಗೆ ಬಂದ್ ಎಂಬ ಸ್ಥಿತಿ ಇತ್ತು. 2019ರ ಜನವರಿಯಲ್ಲಿ ಹೈಕೋರ್ಟ್, 7 ದಿನ ಮೊದಲು ತಿಳಿಸಬೇಕು ಎಂದ ಮೇಲೆ ಸ್ವಲ್ಪ ಸಮಾಧಾನ. ಆದರೂ ಹೊರಡುವ ಹಿಂದಿನ ಸಂಜೆ ವಾರ್ತೆ ಕೇಳುವ ಅಭ್ಯಾಸ ಬಿಡಬೇಡಿ.

ನೆಂಟರಿಗೆ ಭೂತದ ಕೋಲ, ಯಕ್ಷಗಾನ ತೋರಿಸಬೇಕು ಎಂದಿದ್ದರೆ ತುಳುನಾಡಿನ ಕ್ಯಾಲೆಂಡರೇ ಬೇರೆ. ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಗೆ ಕೋಲ, ನೇಮ, ಮೇಳಗಳ ತಿರುಗಾಟ ಎಲ್ಲ ನಿಲ್ಲುತ್ತವೆ. ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿ ಹೊತ್ತಿಗೆ. ದಕ್ಷಿಣಕ್ಕೆ, ನೀಲೇಶ್ವರದ ಕಡೆ ತೆಯ್ಯಂ ಶುರುವಾಗುವುದು ತುಲಾ ಮಾಸದ ಹತ್ತನೇ ದಿನದ ಆಸುಪಾಸಿನಲ್ಲಿ, ಅಂದರೆ ಅಕ್ಟೋಬರ್ ಕೊನೆ. ಬೆಂಗಳೂರಿನಿಂದ ಭಾವನವರು ಆಗಸ್ಟಿನಲ್ಲಿ ಬಂದು 'ಒಂದು ಕೋಲ ನೋಡ್ಬೇಕಿತ್ತು' ಎಂದರೆ ಕೈಚೆಲ್ಲಬೇಕು ಅಷ್ಟೇ. ಡಿಸೆಂಬರಿನಿಂದ ಏಪ್ರಿಲ್ ಒಳಗೆ ಬರಲಿ. ಆಗ ಪ್ಲಾನೂ ಬೇಡ, ಯಾವುದಾದರೂ ಊರಿನಲ್ಲಿ ಇವತ್ತು ರಾತ್ರಿ ಇದ್ದೇ ಇರುತ್ತದೆ. ಸಂಜೆ ಅಂಗಡಿಯಲ್ಲಿ ವಿಚಾರಿಸಿದರೆ ಸಾಕು.

ನಾಲ್ಕನೇ ಹೆಜ್ಜೆ: ಎರಡು ರಾಜ್ಯದ ರಜೆಯ ಲಾಭ ತೆಗೆದುಕೊಳ್ಳಿ

ಗಡಿಯಲ್ಲಿ ಇರುವುದರಿಂದ ತೊಂದರೆ ಅನುಭವಿಸಿದ್ದೇ ಜಾಸ್ತಿ. ಸಿಗುವ ಕೆಲವೇ ಅನುಕೂಲಗಳಲ್ಲಿ ಇದೊಂದು. ಕೇರಳದ ಶಾಲೆಗಳಿಗೆ ಓಣಂ ರಜೆ ಇದ್ದಾಗ ಕರ್ನಾಟಕದಲ್ಲಿ ಶಾಲೆ ನಡೆಯುತ್ತಿರುತ್ತದೆ. ಕರ್ನಾಟಕದಲ್ಲಿ ದಸರಾ ರಜೆ ಇದ್ದಾಗ ಇಲ್ಲಿ ಎರಡು ಮೂರು ದಿನ ಬಿಟ್ಟರೆ ತರಗತಿ ಇರುತ್ತದೆ.

ಅಂದರೆ ಓಣಂ ರಜೆಯಲ್ಲಿ ದಕ್ಷಿಣಕ್ಕೆ ಹೋಗಬೇಡಿ, ಇಡೀ ಕೇರಳ ಅಲ್ಲಿ ಓಡಾಡುತ್ತಿರುತ್ತದೆ. ಉತ್ತರಕ್ಕೆ ತಿರುಗಿ. ಉಡುಪಿ, ಶೃಂಗೇರಿ, ಬೇಲೂರು, ಹಳೇಬೀಡು ಕಡೆ ವಾರದ ದಿನಗಳಲ್ಲಿ ಗಲಾಟೆ ಕಡಿಮೆ. ಮಡಿಕೇರಿ ಮಾತ್ರ ಇದರಿಂದ ಹೊರಗೆ, ಅಲ್ಲಿಗೆ ಮಲಯಾಳಿಗಳೂ ಹೋಗುತ್ತಾರೆ. ದಸರಾ ಹೊತ್ತಿಗೆ ಉಲ್ಟಾ. ಮೈಸೂರು, ಕೊಡಗು, ಕರಾವಳಿ ಎಲ್ಲಾ ಕಡೆ ಜನ. ಆಗ ಮನೆಯಲ್ಲೇ ಇದ್ದು ಬೆಂಗಳೂರಿನ ನೆಂಟರನ್ನು ಬೇಕಲಕ್ಕೆ ಕರೆದುಕೊಂಡು ಹೋಗುವುದು ಜಾಣತನ. ಏಪ್ರಿಲ್–ಮೇ ಎರಡೂ ಕಡೆ ರಜೆ, ಜೊತೆಗೆ ಮದುವೆ ಸೀಸನ್. ಆ ತಿಂಗಳುಗಳಲ್ಲಿ ಸುಮ್ನೆ ಹೊರಡುವ ಮಾತು ಬೇಡ.

ವಿಮಾನದಲ್ಲಿ ಹೋಗುವವರಿಗೂ ಎರಡು ಬಾಗಿಲಿದೆ. ಮಂಗಳೂರಿನ ಬಜ್ಪೆ ಒಂದು, 2018ರ ಡಿಸೆಂಬರಿನಲ್ಲಿ ಶುರುವಾದ ಕಣ್ಣೂರು ಇನ್ನೊಂದು. ಬಜ್ಪೆ ಹತ್ತಿರ. ಆದರೂ ಟಿಕೇಟ್ ಮಾಡುವ ಮೊದಲು ಎರಡರ ದರವನ್ನೂ ನೋಡಿ, ಅದರ ಮೇಲೆ ಟ್ಯಾಕ್ಸಿಯ ಬಾಡಿಗೆಯನ್ನೂ ಕೂಡಿಸಿ. ಗಲ್ಫಿನವರು ಊರಿಗೆ ಬರುವ ಹಬ್ಬದ ದಿನಗಳಲ್ಲಿ ಎರಡೂ ಕಡೆ ದರ ಏರುತ್ತದೆ.

ಮಹಿಳೆಯರಿಗೊಂದು ಮಾತು. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. ಉಚಿತ ಪ್ರಯಾಣ ಕರ್ನಾಟಕದ ನಿವಾಸಿಗಳಿಗೆ ಮಾತ್ರ, ಅದೂ ರಾಜ್ಯದ ಒಳಗೆ. ಕಾಸರಗೋಡಿನ ವಿಳಾಸದ ಆಧಾರ್ ತೋರಿಸಿದರೆ ಟಿಕೇಟ್ ತೆಗೆಯಲೇಬೇಕು. ಧರ್ಮಸ್ಥಳ, ಸುಬ್ರಹ್ಮಣ್ಯದ ಬಸ್ಸುಗಳಲ್ಲಿ ವಾರದ ಕೊನೆಗೆ ನೂಕುನುಗ್ಗಲು ಇರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ದುಡ್ಡೂ ಕೊಟ್ಟು ನಿಂತುಕೊಂಡೂ ಹೋಗುವ ಪುಣ್ಯ ನಮ್ಮದು.

ಐದನೇ ಹೆಜ್ಜೆ: ದಿನಕ್ಕೆ ಒಂದೇ ಗಟ್ಟಿ ಕೆಲಸ

ಪ್ಲಾನ್ ಮಾಡುವವರು ಎಡವುವುದು ಇಲ್ಲಿ. 7.30ಕ್ಕೆ ತಿಂಡಿ, 8.15ಕ್ಕೆ ಮ್ಯೂಸಿಯಂ, 9.40ಕ್ಕೆ ಬೀಚು ಎಂದು ಬರೆದ ಕಾಗದ ಮೊದಲ ದಿನವೇ ಹರಿದುಹೋಗುತ್ತದೆ. ಯಾಕೆಂದರೆ ಚಿಕ್ಕ ಮಗುವಿಗೆ 8.10ಕ್ಕೆ ಹಸಿವಾಗುತ್ತದೆ.

ದಿನಕ್ಕೆ ಒಂದೇ ಒಂದು ಕೆಲಸವನ್ನು ಗಟ್ಟಿಯಾಗಿ ಗೊತ್ತು ಮಾಡಿ. ಅದು ಬೆಳಗ್ಗೆಯೇ ಇರಲಿ. ತಿರುವನಂತಪುರಕ್ಕೆ ಹೋದರೆ ಮೊದಲ ದಿನ ಪದ್ಮನಾಭನ ದರ್ಶನ. ಅಲ್ಲಿ ಗಂಡಸರಿಗೆ ಪಂಚೆ, ಹೆಂಗಸರಿಗೆ ಸೀರೆಯೋ ಮುಂಡೋ ಬೇಕು, ಮನೆಯಿಂದಲೇ ತೆಗೆದುಕೊಂಡು ಹೋಗಿ. ಮಧ್ಯಾಹ್ನದ ಮೇಲೆ ಏನೂ ಬರೆಯಬೇಡಿ. ನಿದ್ದೆ ಬಂದರೆ ನಿದ್ದೆ, ಇಲ್ಲದಿದ್ದರೆ ಕೋವಳಂ. ಎರಡನೇ ದಿನ ಕನ್ಯಾಕುಮಾರಿಯ ಸೂರ್ಯೋದಯ ಗಟ್ಟಿ ಕೆಲಸ ಆದರೆ ಹಿಂದಿನ ರಾತ್ರಿ ಅಲ್ಲೇ ಉಳಿಯಬೇಕು. ವಿವೇಕಾನಂದ ಸ್ಮಾರಕದ ದೋಣಿ ಸಾಲು ಬೆಳಗ್ಗೆಯೇ ಉದ್ದ ಬೆಳೆಯುತ್ತದೆ, ಸಮುದ್ರ ಜೋರಿದ್ದರೆ ದೋಣಿಯೇ ಬಿಡುವುದಿಲ್ಲ. ಬಿಡದಿದ್ದರೆ ಏನು ಮಾಡುವುದು ಎಂದು ಚರ್ಚೆ ಬೇಡ, ಪದ್ಮನಾಭಪುರಂ ಅರಮನೆ ದಾರಿಯಲ್ಲೇ ಇದೆ. ಅದಕ್ಕೆ ಸೋಮವಾರ ರಜೆ ಎಂಬುದು ಮಾತ್ರ ನೆನಪಿರಲಿ.

ಮೂರು ದಿನಕ್ಕಿಂತ ಜಾಸ್ತಿ ಇದ್ದರೆ ಒಂದು ಅರ್ಧ ದಿನವನ್ನು ಖಾಲಿ ಬಿಡಿ. ಬಟ್ಟೆ ಒಗೆಯಲಿಕ್ಕೆ, ಪೇಟೆ ಸುತ್ತಲಿಕ್ಕೆ, ಸುಮ್ನೆ ಕೂರಲಿಕ್ಕೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದಕ್ಕೆ ವಿರೋಧ ಬರುತ್ತದೆ. ಅಷ್ಟು ದುಡ್ಡು ಕೊಟ್ಟು ಹೋಗಿ ಸುಮ್ನೆ ಕೂರುವುದಾ ಎನ್ನುತ್ತಾರೆ. ಹೌದು, ಕೂರುವುದು.

ಆರನೇ ಹೆಜ್ಜೆ: ಸುಮ್ನೆ ಹೊರಡುವುದಕ್ಕೂ ಒಂದು ಚೀಲ ಬೇಕು

ಮನಸ್ಸಾದಾಗ ಹೊರಡುವವರ ಮನೆಯಲ್ಲಿ ಒಂದು ಚೀಲ ಯಾವಾಗಲೂ ತಯಾರಿರಬೇಕು. ಎರಡು ಬೈರಾಸು, ಒಂದು ಪಂಚೆ, ಕೊಡೆ, ಟಾರ್ಚು, ಚಾರ್ಜರ್, ಗುರುತಿನ ಚೀಟಿಗಳ ಪ್ರತಿ, ಹಿರಿಯರ ಎರಡು ದಿನದ ಮಾತ್ರೆ, ಚಿಲ್ಲರೆ ದುಡ್ಡು. ಮಳೆಗಾಲಕ್ಕೆ ಒಂದು ಡಬ್ಬಿ ಉಪ್ಪು ಸೇರಿಸಿ.

ಉಪ್ಪು ಯಾಕೆ ಎನ್ನುವವರು ಜುಲೈಯಲ್ಲಿ ರಾಣಿಪುರಂ ಹತ್ತಿ ನೋಡಿ. ಕಾಞಂಗಾಡಿನಿಂದ ಪಾಣತ್ತೂರು ದಾರಿಯಲ್ಲಿ ಹೋಗಿ, ಅರಣ್ಯ ಇಲಾಖೆಯ ಟಿಕೇಟ್ ತೆಗೆದು ಹತ್ತಬೇಕು. ಮೇಲಿನ ಹುಲ್ಲುಗಾವಲಿಗೆ ಮೊದಲು ಕಾಡಿನ ಒಳಗೆ ಒದ್ದೆ ದಾರಿ ಇದೆ. ಅಲ್ಲಿ ಪ್ರತಿ ಎಲೆಯ ತುದಿಯಲ್ಲಿ ಒಂದು ಉಂಬುಳ (ಜಿಗಣೆ) ಎದ್ದು ನಿಂತು ತಲೆ ಆಡಿಸುತ್ತಿರುತ್ತದೆ. ನೂಲಿನಷ್ಟು ಸಪೂರ. ಶೂ ಹಾಕಿದ್ದೀರಿ ಎಂದು ಅದು ಬಿಡುವುದಿಲ್ಲ, ಲೇಸಿನ ತೂತಿನಲ್ಲೇ ಒಳಗೆ ಹೋಗುತ್ತದೆ. ಕಚ್ಚಿದ್ದು ಗೊತ್ತಾಗುವುದು ಸಾಕ್ಸ್ ಕೆಂಪಾದ ಮೇಲೆ. ಕಿತ್ತು ಎಳೆಯಬೇಡಿ, ಒಂದು ಚಿಟಿಕೆ ಉಪ್ಪು ಹಾಕಿದರೆ ತಾನಾಗಿ ಉದುರುತ್ತದೆ. ನಿಲ್ಲದೆ ನಡೆಯುತ್ತಿದ್ದರೆ ಹತ್ತುವುದು ಕಡಿಮೆ, ಫೋಟೋಕ್ಕೆ ನಿಂತವರ ಕಾಲಿಗೇ ಮೊದಲು. ಆನೆಗಳ ಓಡಾಟ ಇದ್ದರೆ, ಮಳೆ ಜೋರಾದರೆ ಹತ್ತಲು ಬಿಡುವುದಿಲ್ಲ. ಆ ದೂರ ಹೋಗಿ ತಿರುಗಿ ಬರುವ ಬದಲು ಹೊರಡುವ ಮೊದಲು ಒಂದು ಫೋನ್ ಮಾಡಿ.

ಪೂರ್ತಿ ಸುಮ್ನೆ ಹೊರಡುವ ಒಂದು ಭಾನುವಾರ ಹೇಗಿರಬಹುದು ಎಂದರೆ, ಕಾಸರಗೋಡಿನಿಂದ ಉತ್ತರಕ್ಕೆ ಒಂದು ಸುತ್ತು ಹಾಕಿ. ಬೆಳಗ್ಗೆ ಬೇಗ ಮಧೂರು. ಮಧುವಾಹಿನಿ ಹೊಳೆಯ ದಡದ ಆ ದೇವಸ್ಥಾನದಲ್ಲಿ ಅಪ್ಪದ ಪ್ರಸಾದ ತೆಗೆದುಕೊಂಡು, ಬಾಗಿಲು ಹಾಕುವ ಮೊದಲೇ ಅನಂತಪುರಕ್ಕೆ ಹೋಗಿ. ಕೆರೆಯ ನಡುವಿನ ಆ ದೇವಸ್ಥಾನದಲ್ಲಿ ಬಬಿಯ ಎಂಬ ಮೊಸಳೆ ಇತ್ತು, 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಮರುವರ್ಷ ಇನ್ನೊಂದು ಮೊಸಳೆ ಅದೇ ಕೆರೆಯಲ್ಲಿ ಕಾಣಿಸಿಕೊಂಡಿತು. ಕಾಣಲು ಸಿಗುತ್ತದೋ ಇಲ್ಲವೋ ನಿಮ್ಮ ಅದೃಷ್ಟ. ಮಧ್ಯಾಹ್ನದ ಊಟ ಕುಂಬಳೆ ಪೇಟೆಯಲ್ಲಿ. ಬಿಸಿಲಿನ ಹೊತ್ತಿಗೆ ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ, ಗಿಳಿವಿಂಡು. ಅಲ್ಲಿಂದ ಒಳಗಿನ ದಾರಿಯಲ್ಲಿ ಧರ್ಮತ್ತಡ್ಕದ ಕಡೆ ಹೋಗಿ, ಸಂಜೆಗೆ ಪೊಸಡಿಗುಂಪೆ ಹತ್ತಿದರೆ ಒಂದು ಕಡೆ ಘಟ್ಟ, ಇನ್ನೊಂದು ಕಡೆ ಸಮುದ್ರ. ಈ ಸುತ್ತಿನಲ್ಲಿ ನಿಮಗೆ ಬೇಕಾದ ಪ್ಲಾನ್ ಒಂದೇ, ದೇವಸ್ಥಾನಗಳು ಮಧ್ಯಾಹ್ನದ ಒಳಗೆ, ಗುಡ್ಡ ಸಂಜೆಗೆ. ಅದನ್ನು ಹಿಂದುಮುಂದು ಮಾಡಿದರೆ ನಡುಮಧ್ಯಾಹ್ನದ ಬಿಸಿಲಿನಲ್ಲಿ ಮುರಕಲ್ಲಿನ ಮೇಲೆ ನಿಂತಿರುತ್ತೀರಿ.

ಕೊನೆಯ ಹೆಜ್ಜೆ: ವಾಪಸ್ ಬರುವ ದಾರಿ

ಹೋಗುವುದು ಹೇಗಾದರೂ ಆಗಲಿ, ಬರುವುದು ಮಾತ್ರ ಗೊತ್ತಿರಬೇಕು. ಎರಡರಲ್ಲಿ ಒಂದನ್ನೇ ಬುಕ್ ಮಾಡಲು ಸಾಧ್ಯ ಎಂದಾದರೆ ಬರುವ ಟಿಕೇಟನ್ನೇ ಮಾಡಿ. ಹೋಗುವಾಗ ಉತ್ಸಾಹ ಇರುತ್ತದೆ, ನಿಂತುಕೊಂಡಾದರೂ ಹೋಗುತ್ತೇವೆ. ಬರುವಾಗ ಕಾಲು ನೋವು, ಒಗೆಯದ ಬಟ್ಟೆಯ ಬ್ಯಾಗು, ಅಳುವ ಮಗು ಮೂರೂ ಇರುತ್ತವೆ. ಸೋಮವಾರ ಆಫೀಸು ಇದ್ದರೆ ಭಾನುವಾರ ಮಧ್ಯಾಹ್ನವೇ ಹೊರಡುವ ರೈಲು ನೋಡಿ.

ಹೆದ್ದಾರಿ ಷಟ್ಪಥ ಆದ ಮೇಲೆ ತಲಪಾಡಿಯಿಂದ ಈಚೆಗೆ ಹಳೆಯ ಬಸ್ ಸ್ಟಾಪುಗಳು ಎಷ್ಟೋ ಕಡೆ ಬದಲಾಗಿವೆ. ಬಸ್ಸು ಸರ್ವೀಸ್ ರಸ್ತೆಗೆ ಇಳಿಯುತ್ತದಾ, ನಿಮ್ಮ ಊರಿನ ಯಾವ ಬದಿಗೆ ಇಳಿಸುತ್ತದೆ, ದಾಟಲು ಅಂಡರ್‌ಪಾಸ್ ಎಲ್ಲಿದೆ ಎಂದು ಹತ್ತುವಾಗಲೇ ಕಂಡಕ್ಟರರನ್ನು ಕೇಳಿ.

ಪೆರ್ಲ, ಮುಳ್ಳೇರಿಯ, ಬಾಯಾರು ಕಡೆಯವರಿಗೆ ಕಾಸರಗೋಡಿಗೆ ಬಂದು ಇಳಿದರೆ ಮನೆ ತಲುಪಿದ ಹಾಗಲ್ಲ. ರೈಲು ಒಂದು ಗಂಟೆ ತಡವಾದರೂ ಒಳಗಿನ ಊರಿನ ಕೊನೆ ಬಸ್ಸು ಹೋಗಿರುತ್ತದೆ. ಹೊರಡುವ ಹಿಂದಿನ ದಿನ ನಿಮ್ಮ ಊರಿನ ಆಟೋದವರಿಗೆ ವಾಪಸ್ ಬರುವ ರೈಲಿನ ಹೆಸರು, ಬರುವ ಹೊತ್ತು ಹೇಳಿ, ಬಾಡಿಗೆಯನ್ನೂ ಆಗಲೇ ಮಾತಾಡಿ. ರೈಲು ಕಣ್ಣೂರು ದಾಟಿದ ಕೂಡಲೇ ಅವರಿಗೆ ಒಂದು ಫೋನ್ ಮಾಡಿ.